ಕರೆಂಟಿಗೆ ಮೊದಲು ಒಂದು ಇಂಜೆಕ್ಷನ್

ಔಷಧಿ ಅಂಗಡಿ ಇಟ್ಟವನು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ಅದು ತಾನೇ ಡಾಕ್ಟರ ಚೀಟಿ ಹಿಡಿದುಕೊಂಡು ಕೌಂಟರಿಗೆ ಬರುತ್ತದೆ. ತೊಂದರೆಯೆಂದರೆ ಬಂದವರು ರೋಗಿಗಳು, ಅವರೆದುರು ನಗುವ ಹಾಗಿಲ್ಲ. ಬಸವಕಲ್ಯಾಣದಲ್ಲಿ ಇಪ್ಪತ್ತು ವರ್ಷದಿಂದ ತುಟಿ ಬಿಗಿದುಕೊಂಡು ಗುಳಿಗೆ ಎಣಿಸಿ ಕೊಡುತ್ತಿದ್ದೇನೆ.

ಹೋದ ವರ್ಷ ಬಂದ ಚೀಟಿ ನಮ್ಮ ಪಕ್ಕದ ಮನೆಯ ಕಾಕಾರದು. ತೊಗರಿ ದಲಾಲರು, ಮಕ್ಕಳಿಲ್ಲ, ಔಷಧಿಯ ವಿಷಯ ಬಂದರೆ ನಾನೇ ಮಗ. ಗಂಟಲಲ್ಲಿ ಗಡ್ಡೆ ಬಂದಿತ್ತು. ಕಲಬುರಗಿಯಲ್ಲಿ ವಾರಕ್ಕೆ ಐದು ದಿನ ರೇಡಿಯೇಶನ್ ಕೊಡಬೇಕೆಂದರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಅನ್ನುತ್ತಾರೆ. ಗಡ್ಡೆ ಕರಗುತ್ತದೆ ಎಂಬ ಭರವಸೆ ಡಾಕ್ಟರಿಗಿತ್ತು. ಆದರೆ ಕಿರಣ ಹಾಯುವ ದಾರಿಯಲ್ಲೇ ಉಗುಳು ಹುಟ್ಟುವ ಗ್ರಂಥಿಗಳಿವೆ. ಅವು ಕೆಟ್ಟರೆ ಬಾಯಿ ಕೊನೆತನಕ ಒಣಗಿಯೇ ಇರುತ್ತದೆ. ಅವನ್ನು ಕಾಯುವುದಕ್ಕೆ ದಿನಾ ಕರೆಂಟಿಗೆ ಮೊದಲು ಅಮಿಫೋಸ್ಟಿನ್ ಎಂಬ ಇಂಜೆಕ್ಷನ್. ಅದನ್ನು ನಾನು ಹೈದರಾಬಾದಿನಿಂದ ತರಿಸಿದೆ.

ಇಷ್ಟನ್ನೂ ಬಿಡಿಸಿ ಹೇಳಿದ ಮೇಲೆ ಕಾಕಾ ಕೇಳಿದ್ದು ಒಂದೇ ಮಾತು.

“ಮುಂದ ಖಡಕ್ ರೊಟ್ಟಿ ತಿನ್ನಾಕ ಬರ್ತದೋ ಇಲ್ಲೋ, ಅಷ್ಟು ಹೇಳು.”

ಡಾಕ್ಟರು ನೋಡೋಣ ಅಂದಿದ್ದರು. ನಾನೂ ನೋಡೋಣ್ರಿ ಅಂದೆ.

ಬಾಟಲಿ ಮೇಲಿನ ವಿಭೂತಿ

ಇಂಜೆಕ್ಷನ್ ಬಾಟಲಿಗಳನ್ನು ಅಂಗಡಿಯಲ್ಲಿ ಇಡಲು ಕಾಕಾರ ಹೆಂಡತಿ, ನಮ್ಮ ಕಾಕು, ಒಪ್ಪಲಿಲ್ಲ. ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟರು. ಬಿಸಿಲು ಬೀಳಬಾರದು ಎಂದೆ. ದೇವರ ಮೇಲೆಯೇ ಬೀಳುವುದಿಲ್ಲ, ಇದರ ಮೇಲೆ ಹೇಗೆ ಬೀಳುತ್ತದೆ ಎಂದರು. ಸರಿಯಾದ ಮಾತು.

ಮೊದಲನೇ ದಿನ ಆಸ್ಪತ್ರೆಯಲ್ಲಿ ನರ್ಸ್ ಬಾಟಲಿ ತೆಗೆದು ನೋಡಿದರೆ ಅದರ ಮೈತುಂಬ ಮೂರು ಬೆರಳಿನ ವಿಭೂತಿ. ಇದೇನು ಎಂದು ನನ್ನ ಕಡೆ ನೋಡಿದಳು. ಕಂಪನಿಯವರು ಹಚ್ಚಿದ್ದಲ್ಲ ಎಂದಷ್ಟೇ ಹೇಳಿದೆ. ಅವಳು ಸ್ಪಿರಿಟ್ ಹಚ್ಚಿ ಒರೆಸಿದಳು. ಮರುದಿನ ಮತ್ತೆ ವಿಭೂತಿ, ಮತ್ತೆ ಸ್ಪಿರಿಟ್. ಮೂರನೇ ದಿನ ಅವಳು ಕಾಕುವನ್ನೇ ಒಳಗೆ ಕರೆದು ಹೀಗೆಲ್ಲ ಮಾಡಬಾರದು ಎಂದು ಸಮಾಧಾನದಿಂದ ತಿಳಿಸಿದಳು.

“ಔಷಧ ಅವರನ್ನ ಕಾಯ್ತದವ್ವಾ,” ಎಂದರು ಕಾಕು. “ಔಷಧಾನ ಕಾಯವ್ರು ಯಾರು?”

ನಾಲ್ಕನೇ ದಿನ ಬಾಟಲಿ ಸ್ವಚ್ಛವಾಗಿತ್ತು. ವಿಭೂತಿ ನರ್ಸಿನ ಹಣೆಯ ಮೇಲಿತ್ತು.

ಹುಮನಾಬಾದಿನ ಫೋನು

ಈ ಇಂಜೆಕ್ಷನ್ನಿಗೆ ಒಂದು ಕೆಟ್ಟ ಗುಣವಿದೆ. ಏರಿಸುವಾಗ ಬಿ.ಪಿ. ಇಳಿಸುತ್ತದೆ. ತೀರಾ ಇಳಿದರೆ ಅರ್ಧಕ್ಕೇ ನಿಲ್ಲಿಸಬೇಕು. ನಿಲ್ಲಿಸಿದರೆ ಆ ದಿನ ಗ್ರಂಥಿಗಳಿಗೆ ಪೂರ್ತಿ ಕಾವಲಿಲ್ಲ.

ಎರಡನೇ ವಾರ ಒಂದು ದಿನ ಹಾಗೇ ಆಯಿತು. ಕಾಕಾರ ಬಿ.ಪಿ. ಇಳಿಯಿತು, ನರ್ಸ್ ಇಂಜೆಕ್ಷನ್ ನಿಲ್ಲಿಸಿದಳು. ಕಾಲು ಎತ್ತರಕ್ಕೆ ಇಟ್ಟು ಸಲೈನ್ ಬಿಟ್ಟರು. ಕಾಕಾ ಕಣ್ಣು ಮುಚ್ಚಿ ಮಲಗಿದ್ದರು. ನನಗೆ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ದಿಂಬಿನ ಕೆಳಗಿನ ಫೋನು ಬಡಿಯಿತು. ಹುಮನಾಬಾದಿನ ದಾಲ್ ಮಿಲ್ಲಿನ ಮಾಲಕರು. ನೀವು ಕಳಿಸಿದ ತೊಗರಿ ಹಸಿ ಅದ, ರೇಟು ಇಳಿಸ್ರಿ ಅಂದರು. ಕಾಕಾ ಕಣ್ಣು ತೆರೆದರು.

“ಯಾವ್ದು ಹಸಿ? ನಾ ಹಲ್ಲಾಗ ಕಡ್ದು ನೋಡಿ ಕಳಿಸೀನಿ. ಟಕ್ ಅಂದದ.”

ಐದು ನಿಮಿಷ ವಾದ ನಡೆಯಿತು. ನರ್ಸ್ ಮತ್ತೆ ಬಿ.ಪಿ. ನೋಡಿದಳು. ಚೆನ್ನಾಗಿ ಏರಿತ್ತು. ಉಳಿದ ಇಂಜೆಕ್ಷನ್ ನಿರಾಳವಾಗಿ ಹೋಯಿತು. ಏರಿದ್ದು ಸಲೈನಿನಿಂದ ಎಂದು ನಾನು ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಮರುದಿನದಿಂದ ನರ್ಸ್ ಸೂಜಿ ಹಿಡಿಯುವ ಮೊದಲು ಹುಮನಾಬಾದಿನವರು ಇವತ್ತು ಫೋನ್ ಮಾಡುತ್ತಾರಲ್ಲವೇ ಎಂದು ಖಾತ್ರಿ ಮಾಡಿಕೊಳ್ಳತೊಡಗಿದಳು.

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಆದರೂ ಗುಟ್ಟಾಗಿ ಮಿಲ್ ಮಾಲಕರಿಗೆ ಫೋನ್ ಮಾಡಿದೆ. ಕಾಕಾರ ಜೀವಕ್ಕೆ ಒಳ್ಳೆಯದಾಗುತ್ತದೆ, ದಿನಾ ಹನ್ನೊಂದು ಗಂಟೆಗೆ ಫೋನ್ ಮಾಡಿ ಅವರ ಮಾಲು ಸರಿಯಿಲ್ಲ ಅನ್ನಿ ಎಂದು ಕೇಳಿಕೊಂಡೆ.

“ಅದಕ್ಕ ನೀವು ಹೇಳಬೇಕೇನ್ರಿ?” ಎಂದರು ಅವರು. “ನಾ ಮಾಡೋದೇ ಅದು.”

ಖಾಲಿ ಸೀಟು

ವಾಪಸು ಬರುವಾಗ ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸಂಜೆಯ ಬಸ್ಸು, ಮೇಲೆ ಇಂಜೆಕ್ಷನ್ನಿನಿಂದ ಕಾಕಾರಿಗೆ ವಾಂತಿ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಪದ್ಧತಿಯಲ್ಲಿ, ವಾಂತಿ ಬಂದವರ ಕೈಯಲ್ಲಿ ಟವೆಲ್ ಇದ್ದರೂ ಅದು ಬೇರೆ ಕೆಲಸಕ್ಕೆ. ಒಂದು ದಿನ ಕಾಕಾ ಕಂಬ ಹಿಡಿದು ನಿಂತರು. ಮುಖ ಬಾಡಿತ್ತು. ಕುಳಿತಿದ್ದ ಒಬ್ಬರು ಮೈಯಲ್ಲಿ ಆರಾಮಿಲ್ಲವೇ ಎಂದು ವಿಚಾರಿಸಿದರು.

“ಕಲಬುರಗ್ಯಾಗ ಕರೆಂಟ್ ಹಿಡಿಸ್ಕೊಂಡು ಬರಾಕತ್ತೀನ್ರಿ,” ಎಂದರು ಕಾಕಾ.

ಮೂರು ಜನ ಕೂರುವ ಆ ಸೀಟು ಒಮ್ಮೆಲೇ ಖಾಲಿಯಾಯಿತು. ನನಗೆ ಸಿಟ್ಟು ಬಂತು. ಇಡೀ ಬಸ್ಸಿಗೆ ಕೇಳುವ ಹಾಗೆ ತಿಳಿಸಿಹೇಳಿದೆ. ಮಷಿನ್ ಬಂದಾದ ಕೂಡಲೇ ಕಿರಣ ಮುಗಿಯಿತು, ದೀಪ ಆರಿಸಿದ ಹಾಗೆ. ಇವರ ಮೈಯಿಂದ ಯಾರಿಗೂ ಏನೂ ಹತ್ತುವುದಿಲ್ಲ. ಮೊದಲೇ ಇಂಜೆಕ್ಷನ್ ಕೂಡ ಕೊಟ್ಟಿರುತ್ತಾರೆ. ಹಿಂದಿನಿಂದ ಒಬ್ಬರು, ಹಾಗಾದರೆ ಇಂಜೆಕ್ಷನ್ ಯಾಕೆ ಎಂದರು. ಅದು ಇವರ ಬಾಯೊಳಗಿನ ಗ್ರಂಥಿಗಳನ್ನು ಕಾಯುವುದಕ್ಕೆ ಎಂದೆ. ಅವರು ಉಳಿದವರ ಕಡೆ ತಿರುಗಿದರು.

“ಅಂದ್ರ ಒಳಗಿನವಕ್ಕ ಇಂಜೆಕ್ಷನ್ ಮಾಡ್ಯಾರ. ಹೊರಗಿನವ್ರಿಗೆ ಏನೂ ಮಾಡಿಲ್ಲ.”

ಎದುರಿನ ಸೀಟೂ ಖಾಲಿಯಾಯಿತು. ಬಸವಕಲ್ಯಾಣದ ತನಕ ಕಾಕಾ ಮಲಗಿಕೊಂಡು ಬಂದರು. ನಾನು ಎದುರು ಸೀಟಿನಲ್ಲಿ ಕಾಲು ಚಾಚಿ ಕುಳಿತಿದ್ದೆ. ನಿಜ ಹೇಳಿದ ಸಮಾಧಾನವಂತೂ ಇತ್ತು.

ಐದು ನಿಮಿಷದ ಪರೀಕ್ಷೆ

ಕರೆಂಟು ಮುಗಿಯಿತು. ಗಡ್ಡೆ ಕರಗಿತು. ಬಾಯಿ ಹುಣ್ಣಾಗಿ, ಎರಡು ತಿಂಗಳು ಗಂಜಿಯಲ್ಲೇ ಹೋಯಿತು. ಆಮೇಲೆ ಡಾಕ್ಟರು ಉಗುಳಿನ ಪರೀಕ್ಷೆಗೆ ಕರೆದರು. ರೊಟ್ಟಿಯ ತೀರ್ಪು ಅವತ್ತೇ.

ಪರೀಕ್ಷೆ ಸರಳ. ಐದು ನಿಮಿಷ ಏನೂ ನುಂಗಬಾರದು, ಬಾಯಲ್ಲಿ ಬಂದದ್ದನ್ನೆಲ್ಲ ಒಂದು ಪ್ಲಾಸ್ಟಿಕ್ ಕಪ್ಪಿಗೆ ಉಗುಳಬೇಕು. ಗ್ರಂಥಿಗಳು ಉಳಿದಿವೆಯೋ ಇಲ್ಲವೋ ಅಷ್ಟಕ್ಕೆ ತಿಳಿಯುತ್ತದೆ. ಕಾಕಾ ಕಪ್ಪು ಹಿಡಿದು ಕುಳಿತರು. ಎದುರಿಗೆ ಕಾಕು.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾದ ಹೊಸದರಲ್ಲಿ ಕಾಕಾ ಎಲೆ ಅಡಿಕೆ ಹಾಕಿಕೊಂಡು ಅಂಗಳದ ಗೋಡೆಯನ್ನು ಕೆಂಪು ಮಾಡಿದ್ದರಂತೆ. ಅವತ್ತು ಕಾಕು ಬಕೆಟ್ಟು, ತೆಂಗಿನ ನಾರು ಕೊಟ್ಟು ಗೋಡೆ ತಿಕ್ಕಿಸಿದರು, ಓಣಿಯವರೆಲ್ಲ ನೋಡುವ ಹಾಗೆ. ಆಮೇಲೆ ನಲವತ್ತು ವರ್ಷ ಕಾಕಾ ಅವರ ಕಣ್ಣೆದುರು ಒಂದು ಸಲವೂ ಉಗುಳಿಲ್ಲ. ಹಲ್ಲುಜ್ಜುವುದೂ ಹಿತ್ತಲಿನಲ್ಲಿ, ಗೋಡೆಯ ಆಚೆ.

ಎರಡು ನಿಮಿಷವಾಯಿತು. ಕಪ್ಪು ಒಣಗಿತ್ತು. ಡಾಕ್ಟರು ನನ್ನ ಮುಖ ನೋಡಿದರು. ಅಷ್ಟು ದಿನದ ಸೂಜಿ, ಅಷ್ಟು ವಾಂತಿ, ಎಲ್ಲ ನೀರಿನಲ್ಲಿ ಹೋಯಿತು ಅನ್ನಿಸಿತು. ಆಗ ನನಗೆ ಕಾಕಾರ ಗಂಟಲು ಕಂಡಿತು. ಮೇಲೆ ಕೆಳಗೆ ಆಡುತ್ತಿತ್ತು. ಹೆಂಡತಿಯ ಕಡೆ ಕಣ್ಣಿಟ್ಟುಕೊಂಡು ಕಾಕಾ ಬಂದದ್ದನ್ನೆಲ್ಲ ನುಂಗುತ್ತಿದ್ದರು.

ಕಾಕುಗೂ ಅದು ತಿಳಿಯಿತು. ಎದ್ದು ಬಂದು ಕಪ್ಪನ್ನು ತಾವೇ ತೆಗೆದುಕೊಂಡರು. ಗಂಡನ ಗದ್ದದ ಕೆಳಗೆ ಹಿಡಿದರು.

“ಉಗುಳ್ರಿ,” ಎಂದರು. “ನಾ ಏನೂ ಅನ್ನಂಗಿಲ್ಲ.”

ಕಾಕಾ ನನ್ನ ಕಡೆ ತಿರುಗಿ, “ನೀ ಕೇಳ್ದಿಲ್ಲೋ?” ಎಂದು ಸಾಕ್ಷಿ ಮಾಡಿಕೊಂಡರು. ಕೇಳಿದೆ ಎಂದು ತಲೆಯಾಡಿಸಿದೆ. ಡಾಕ್ಟರು ಗಡಿಯಾರವನ್ನು ಮೊದಲಿನಿಂದ ಹಚ್ಚಿದರು.

ಕಾಕಾ ಉಗುಳಿದರು. ಮತ್ತೆ ಉಗುಳಿದರು. ಐದು ನಿಮಿಷಕ್ಕೆ ಡಾಕ್ಟರು ಕಪ್ಪು ನೋಡಿ ತಲೆದೂಗಿದರು. ಮೊದಲಿನಷ್ಟು ಇಲ್ಲ, ಆದರೆ ಗ್ರಂಥಿಗಳು ಉಳಿದಿವೆ, ರೊಟ್ಟಿಯನ್ನು ಪಲ್ಯದ ರಸದಲ್ಲಿ ಅದ್ದಿಕೊಂಡು ತಿನ್ನಬಹುದು ಎಂದರು. ಕಾಕು ಒಂದು ಕೈಯಲ್ಲಿ ಸೆರಗು ತೆಗೆದು ಕಣ್ಣಿಗೆ ಒತ್ತಿಕೊಂಡರು. ಇನ್ನೊಂದು ಕೈ ಕಪ್ಪು ಬಿಟ್ಟಿರಲಿಲ್ಲ. ನನಗೂ ಕಣ್ಣು ತುಂಬಿತು.

ಪರೀಕ್ಷೆ ಮುಗಿಯಿತು, ಇನ್ನು ಸಾಕು ಎಂದರು ಡಾಕ್ಟರು. ಕಾಕಾ ಕೈ ಎತ್ತಿ ಅವರನ್ನು ತಡೆದರು.

“ತಡೀರಿ ಡಾಕ್ಟರೇ, ಇನ್ನೊಂದಿಷ್ಟು ಉಗುಳ್ತೀನಿ. ಅಕಿ ಕಪ್ಪು ಹಿಡ್ದಾಳ, ಮತ್ತ ಹಿಡಿಯಂಗಿಲ್ಲ.”