ಮೈಲುಗಳ ಜಪ

ಪ್ರಾಣಭಯವಾದಾಗಲೇ ಮನುಷ್ಯನಿಗೆ ತನ್ನ ನಿಜವಾದ ಮನೆದೇವರು ಯಾರೆಂದು ಗೊತ್ತಾಗುತ್ತದೆ ಎನ್ನುತ್ತಾರೆ. ನನಗೆ ಗೊತ್ತಾಗಿದೆ. ಆದರೆ ನಾಲ್ಕು ಜನರ ಎದುರು ಹೇಳಿಕೊಳ್ಳುವಂಥ ದೇವರಲ್ಲ. ಆ ಮಧ್ಯಾಹ್ನದಿಂದ ಈಚೆಗೆ ನಾನು ನಾನಾಗಿ ಉಳಿದಿಲ್ಲ. ಸ್ಕೂಟರು ರಸ್ತೆಯ ಉಬ್ಬು ಹಾರಿದರೆ ಕಾಲು ಕೆಳಗಿಟ್ಟು ನಿಂತುಬಿಡುತ್ತೇನೆ. ಕುಕ್ಕರ್ ಕೂಗುವ ಮೊದಲು ಸ್ವಲ್ಪ ಗುರುಗುಟ್ಟುತ್ತದಲ್ಲ, ಅಷ್ಟಕ್ಕೇ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿಯುತ್ತೇನೆ. ಆಫೀಸಿನ ಲಿಫ್ಟು ಕೆಳಗಿಳಿಯಲು ಶುರುವಾದರೆ ಪಕ್ಕದಲ್ಲಿ ಯಾರಿದ್ದಾರೋ ಅವರ ತೋಳು. ಮೊನ್ನೆ ಸಿಕ್ಕಿದ್ದು ನಮ್ಮ ದೊಡ್ಡ ಸಾಹೇಬರ ತೋಳು. ಬಡ್ತಿ ಕೇಳುತ್ತಿದ್ದಾನೆ ಅಂದುಕೊಂಡರೋ ಏನೋ, "ದೇಖೇಂಗೆ ಭಾಯಿ, ದೇಖೇಂಗೆ" ಎಂದು, ನೋಡೋಣ ಎನ್ನುವ ಸಮಾಧಾನ ಹೇಳಿ ಬಿಡಿಸಿಕೊಂಡರು.

ಇದಕ್ಕೆಲ್ಲ ಮೂಲ ಒಂದು ಕಾರ್ಡು. ನಾನು ನಾಗಪುರದಲ್ಲಿ ಒಂದು ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದೇನೆ. ಮುಂಬಯಿಯ ಮುಖ್ಯ ಕಚೇರಿಗೆ ಆಗಾಗ ವಿಮಾನದಲ್ಲಿ ಹೋಗಿಬರುವ ಯೋಗ. ವಿಮಾನ ಕಂಪನಿಯವರು ಕೊಟ್ಟ ಆ ಕಾರ್ಡಿನಲ್ಲಿ ಹಾರಿದ ಮೈಲುಗಳು ನನ್ನ ಹೆಸರಿಗೆ ಜಮಾ ಆಗುತ್ತವೆ. ಸಾಕಷ್ಟು ಕೂಡಿದರೆ ಒಂದು ಪುಕ್ಕಟೆ ಟಿಕೆಟ್ಟು, ಬೇಕಾದವರ ಹೆಸರಿಗೆ ತೆಗೆಸಬಹುದು. ಇದನ್ನು ಕೇಳಿದ ದಿನವೇ ನನ್ನ ಹೆಂಡತಿ ಶಕುಂತಲಾ ಆ ಟಿಕೆಟ್ಟನ್ನು ಮನಸ್ಸಿನಲ್ಲೇ ಸೆರಗಿಗೆ ಗಂಟು ಹಾಕಿಕೊಂಡಳು. ಅವಳು ಗದಗಿನವಳು, ವಿಮಾನ ಹತ್ತಿದವಳಲ್ಲ. ನಮ್ಮ ಕ್ವಾರ್ಟರ್ಸಿನ ಮಾಳಿಗೆಯಲ್ಲಿ ಹಪ್ಪಳ ಹಾಕುವಾಗ ಸೋನೆಗಾಂವಿನ ಕಡೆ ಇಳಿಯುವ ವಿಮಾನಗಳನ್ನು ನೋಡುತ್ತ, ಕಾಗೆಗಳಿಗೆ ಹಪ್ಪಳ ಬಿಟ್ಟುಕೊಟ್ಟವಳು. ಬೆಂಗಳೂರಿನಲ್ಲಿರುವ ಅವಳ ತಂಗಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಾಗ, "ಈ ಸಲ ವಿಮಾನದಾಗ ಬರ್ತೀನಿ" ಎಂದು ಬಳಗಕ್ಕೆಲ್ಲ ಸಾರಿಬಿಟ್ಟಳು. ನನ್ನ ಖಾತೆಯಲ್ಲಿ ಮೈಲುಗಳು ಸ್ವಲ್ಪವೇ ಕಡಿಮೆ ಇದ್ದವು. ಮುಂಬಯಿಗೆ ಇನ್ನೊಮ್ಮೆ ಹೋಗಿಬಂದರೆ ಮುಗಿಯಿತು. ಸಹೋದ್ಯೋಗಿಯೊಬ್ಬರು ಹೋಗಬೇಕಾಗಿದ್ದ ಮೀಟಿಂಗಿಗೆ, "ಮೇ ತಿಂಗಳ ಬಿಸಿಲು, ನಿಮಗ್ಯಾಕೆ ತೊಂದರೆ" ಎಂದು ನಾನೇ ಮುಂದೆ ಬಿದ್ದು ಹೊರಟೆ.

ಇಲ್ಲಿ ಆಡಿಟ್ ಮಂದಿಯ ಒಂದು ಚಟದ ಬಗ್ಗೆ ಹೇಳಬೇಕು. ಕಂಡವರ ಪ್ರಯಾಣದ ಬಿಲ್ಲುಗಳಿಗೆಲ್ಲ ಆಕ್ಷೇಪಣೆ ಬರೆದು ಬರೆದು, ನಮ್ಮ ಬಿಲ್ಲು ಮಾತ್ರ ಗಂಗಾಜಲದಲ್ಲಿ ತೊಳೆದಂತಿರಬೇಕು ಎಂಬ ಹುಚ್ಚು ನಮಗಿರುತ್ತದೆ. ಆಗಷ್ಟೇ ಅಗ್ಗದ ದರದ ಟಿಕೆಟ್ಟುಗಳು ಬಂದಿದ್ದವು. ಸೀತಾಬರ್ಡಿಯ ಟ್ರಾವೆಲ್ ಏಜೆಂಟ್ ಎರಡು ಮೂರು ತರಹದ್ದನ್ನು ಮುಂದಿಟ್ಟಾಗ, "ಸಬ್‌ಸೆ ಸಸ್ತಾವಾಲಾ" ಎಂದು, ಅಂದರೆ ಎಲ್ಲಕ್ಕಿಂತ ಅಗ್ಗದ್ದೆಂದು, ಎದೆಯುಬ್ಬಿಸಿ ಹೇಳಿದೆ. ಆಫೀಸಿನಲ್ಲಿ ಅದನ್ನು ಎಲ್ಲರಿಗೂ ತೋರಿಸಿದ್ದೂ ಆಯಿತು. ಬ್ಯಾಂಕಿಗೆ ಉಳಿತಾಯ, ಹೆಂಡತಿಗೆ ವಿಮಾನ. ಒಂದೇ ಕಲ್ಲಿಗೆ ಎರಡು ಮಾವಿನಕಾಯಿ ಉದುರಿಸಿದ ಹೆಮ್ಮೆ.

ವಾಪಸು ಬರುವಾಗ ನನ್ನ ಪಕ್ಕದಲ್ಲಿ ಕೂತವರು ಒಂಬತ್ತು ಗಜದ ಸೀರೆಯ ಒಬ್ಬ ಮರಾಠಿ ಆಜಿ, ಹೆಸರು ಗೋದಾವರಿಬಾಯಿ. ನಾಗಪುರದ ಮಹಾಲಿನಲ್ಲಿ ಅವರ ಮಗನದು ಬಟ್ಟೆ ವ್ಯಾಪಾರ. "ಮಾಝಾ ವಸಂತಾ ಹೊರಡೋ ದಿನ ಬೆಳಿಗ್ಗೆ ಟಿಕೆಟ್ ತಗೊಳ್ಳೋನು, ಯಾವಾಗಲೂ ಅವಸರ" ಎಂದು ಮರಾಠಿಯಲ್ಲೇ ಮಗನನ್ನು ಬೈಯುತ್ತ ನನಗೆ ಒಂದು ಲಾಡು ಕೊಟ್ಟರು. ಅದು ಇನ್ನೂ ಬಾಯಲ್ಲಿದ್ದಾಗಲೇ ಕಿಟಕಿಯ ಹೊರಗೆ ಕತ್ತಲಾಯಿತು. ಬಿಸಿಲಿಗೆ ಕಾದ ನಾಗಪುರದ ಮೇಲೆ ಮೋಡ ಒಡೆದಿತ್ತು. ವಿಮಾನ ಜೋಳ ಕೇರುವ ಮೊರದ ಹಾಗೆ ನಮ್ಮನ್ನು ಮೇಲೆತ್ತಿ ಹಾಕತೊಡಗಿತು. ಕೆಳಗೆ ರನ್‌ವೇ ಕಂಡಿತು, ಇಳಿದೆವು ಎಂದುಕೊಂಡೆ. ನೆಲ ಮುಟ್ಟುವುದರೊಳಗೆ ಅದೇನು ಕಂಡಿತೋ, ವಿಮಾನ ಒಂದು ಕಡೆಗೆ ವಾಲಿ, ಗರ್ಜಿಸಿ, ಮತ್ತೆ ಆಕಾಶಕ್ಕೆ ಜಿಗಿಯಿತು. ಆ ರೆಕ್ಕೆ ನೆಲದ ಕಡೆ ಬಾಗಿದ್ದು ನನಗೆ ಈಗಲೂ ಹಲ್ಲುಜ್ಜುವಾಗ ಕಾಣುತ್ತದೆ. ಯಾರೋ ಕಿರುಚಿದರು. ಆಜಿ ನನ್ನ ಮುಂಗೈ ಹಿಡಿದು, "ದೇವಾಚಂ ನಾವ ಘ್ಯಾ, ಭಾವೂ!" ಎಂದರು, ದೇವರ ಹೆಸರು ಹೇಳಿ ಅಂತ. ಹೇಳಬೇಕೆಂದೇ ಬಾಯಿ ತೆರೆದೆ. ಗದಗಿನ ವೀರನಾರಾಯಣನಿಂದ ಹಿಡಿದು ಯಾರೊಬ್ಬರೂ ಬರಲಿಲ್ಲ. ಬಂದದ್ದು, ಮೈಲು ವಿಚಾರಿಸಲು ವಾರಕ್ಕೊಮ್ಮೆ ಫೋನಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದ್ದ ಆ ಕಾರ್ಡಿನ ನಂಬರು. "ಎರಡು ಸೊನ್ನೆ ಏಳು, ನಾಲ್ಕು ನಾಲ್ಕು ಒಂದು, ಎಂಟು ಸೊನ್ನೆ ಮೂರು." ನಿಲ್ಲಿಸೋಣವೆಂದರೆ ನಾಲಿಗೆ ನನ್ನ ಮಾತು ಕೇಳಲಿಲ್ಲ. ಆಜಿಗೆ ಕನ್ನಡ ಎಲ್ಲಿಂದ ಗೊತ್ತು? ಕಣ್ಣು ಮುಚ್ಚಿ ಅವರೂ ಶುರುಮಾಡಿದರು: "ಯೆರಡು ಸೊನ್ನೆ ಯೇಳು..." ಹಿಂದಿನ ಸಾಲಿನಿಂದಲೂ ಒಂದು ದನಿ ಸೇರಿಕೊಂಡಂತಿತ್ತು. ಹೀಗೆ ಸಾಮೂಹಿಕವಾಗಿ ನನ್ನ ಸದಸ್ಯತ್ವವನ್ನು ಪಾರಾಯಣ ಮಾಡುತ್ತಿರುವಾಗಲೇ ಎರಡನೆಯ ಪ್ರಯತ್ನದಲ್ಲಿ ವಿಮಾನ ಇಳಿಯಿತು.

ಮೆಟ್ಟಿಲಿಳಿದ ಮೇಲೂ ಆಜಿ ನನ್ನ ಕೈ ಬಿಡಲಿಲ್ಲ. "ನಿಮ್ಮ ಕಾನಡಿ ಮಂತ್ರ ನಮ್ಮನ್ನ ಉಳಿಸಿತು" ಎಂದರು. ನಿಜ ಹೇಳಲು ಹೋದೆ. "ಬೇಡ ಬೇಡ! ಗುರುವಿನಿಂದ ಬಂದದ್ದನ್ನ ಬಿಡಿಸಿ ಹೇಳಬಾರದು, ಬರೆದೂ ಇಡಬಾರದು" ಎಂದು ನನ್ನ ಬಾಯಿ ಮುಚ್ಚಿಸಿ ಆಫೀಸಿನ ವಿಳಾಸ ತೆಗೆದುಕೊಂಡು ಹೋದರು.

ನಾಲ್ಕು ದಿನ ನಡುಗಿ, ಐದನೆಯ ದಿನ ಕಂಪನಿಗೆ ಫೋನ್ ಮಾಡಿದೆ. ಆ ಪ್ರಯಾಣಕ್ಕೆ ಎಷ್ಟು ಮೈಲು ಜಮಾ ಆಯಿತೆಂದು ಕೇಳಿದರೆ, ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ "ಸೊನ್ನೆ ಸರ್" ಎಂದಳು. ಟಿಕೆಟ್ಟಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಒಂದು ಅಕ್ಷರ ಇರುತ್ತದಂತೆ, ಅದೇ ದರದ ವರ್ಗ. ಒಂದೇ ವಿಮಾನ, ಒಂದೇ ಸಾಲು, ಒಂದೇ ಒಣ ಸ್ಯಾಂಡ್‌ವಿಚ್ಚು. ಆದರೆ ಪೂರ್ತಿ ದರ ಕೊಟ್ಟವನಿಗೆ ಪೂರ್ತಿ ಮೈಲು, ರಿಯಾಯಿತಿಯವನಿಗೆ ಅರ್ಧ, ಸಬ್‌ಸೆ ಸಸ್ತಾವಾಲಾಗೆ ಬರೀ ನಮಸ್ಕಾರ. ಪಂಕ್ತಿಭೇದ ನೆಲದ ಮೇಲೆ ಕಡಿಮೆಯಾಗಿದೆ ಅಂದುಕೊಂಡಿದ್ದೆ. ಅದು ಮೇಲಕ್ಕೆ ಹಾರಿಹೋಗಿದೆ ಅಷ್ಟೆ. ಒಂದೇ ಸಾಲಿನಲ್ಲಿ ಕೂರಿಸಿ, ಅದೇ ಬೆಳಿಗ್ಗೆ ಪೂರ್ತಿ ದರ ತೆತ್ತ ಆಜಿಯ ಎಲೆಗೆ ತುಪ್ಪದ ಹೋಳಿಗೆ, ನನಗೆ ಬರೀ ಎಲೆ. "ಅಲ್ಲಮ್ಮಾ, ವಿಮಾನ ಕುಲುಕುವಾಗ ಅಕ್ಷರ ನೋಡಿ ಕುಲುಕಿತೇನು? ನನಗೂ ಪೂರ್ತಿ ದರದ್ದೇ ಭಯ ಕೊಟ್ಟಿರಲ್ಲ!" ಎಂದೆ. "ನಿಮ್ಮ ಅಭಿಪ್ರಾಯ ಮುಖ್ಯ ಸರ್" ಎಂದಳು. ಇಡೀ ದೇಶದ ದೂರವನ್ನು ಅಳೆಯಲು ನೆಟ್ಟ ಶೂನ್ಯ ಮೈಲಿನ ಕಲ್ಲು ನಮ್ಮೂರಲ್ಲೇ ಇದೆ. ಸಂಜೆ ಸ್ಕೂಟರಿನಲ್ಲಿ ಅದರ ಮುಂದೆ ಹಾದುಹೋಗುವಾಗ ಯಾರೋ ನೆಂಟರನ್ನು ಕಂಡಂತಾಯಿತು.

ಒಳಗಿನ ಮಾತು ಹೇಳುತ್ತೇನೆ: ಸೊನ್ನೆ ಎಂದು ಕೇಳಿದಾಗ ಸಿಟ್ಟಿನ ಅಡಿಯಲ್ಲಿ ಎಲ್ಲೋ ತಣ್ಣಗಾಯಿತು. ಮೈಲು ಇಲ್ಲ ಎಂದರೆ ಟಿಕೆಟ್ಟು ಇಲ್ಲ. ಟಿಕೆಟ್ಟು ಇಲ್ಲ ಎಂದರೆ ಶಕುಂತಲಾ ಆ ಮೊರದೊಳಗೆ ಕೂರುವುದಿಲ್ಲ. ಮನೆಗೆ ಹೋಗಿ, ರೈಲಿನಲ್ಲಿ ಕಿತ್ತಳೆಹಣ್ಣು ತಿನ್ನುತ್ತ ಹೋಗುವುದೆಷ್ಟು ಸುಖ ಎಂದು ಪೀಠಿಕೆ ಹಾಕಿದೆ. ಅವಳು ಸೀರೆ ಮಡಚುತ್ತಿದ್ದಳು. "ಅಂಜಿಕಿ ನಿಮಗ ಆಗೇದ, ನನಗಲ್ಲ" ಎಂದಳು. ರೊಕ್ಕ ಕೊಟ್ಟೇ ಟಿಕೆಟ್ ತೆಗೆಯಲೇನು ಎಂದು ಅರೆಮನಸ್ಸಿನಿಂದ ಕೇಳಿದೆ. "ರೊಕ್ಕಾ ಕೊಟ್ಟರ ಯಾರನ್ನಾದ್ರೂ ಹತ್ತಿಸ್ಕೋತಾರ. ನಮ್ಮವರ ಮ್ಯಾಲಿನ ಮರ್ಯಾದಿಗೆ ಕಂಪನಿಯವರು ಕರದು ಕೊಡ್ತಾರ ಅಂತ ಬಳಗಕ್ಕೆಲ್ಲಾ ಹೇಳೀನ್ರಿ ನಾ." ಮಡಚಿದ ಸೀರೆಯನ್ನು ಸೂಟ್‌ಕೇಸಿಗಿಡದೆ ಮತ್ತೆ ಕಪಾಟಿಗಿಟ್ಟಳು. ಆ ಕಪಾಟಿನ ಬಾಗಿಲಿನ ಸದ್ದಿಗೂ ನಾನು ಬೆಚ್ಚಿದೆ.

ಅಷ್ಟರಲ್ಲಿ ಗೋದಾವರಿಬಾಯಿಯವರಿಂದ ನಮ್ಮಿಬ್ಬರಿಗೂ ಊಟಕ್ಕೆ ಕರೆ ಬಂತು. ಮಹಾಲಿನ ಗಲ್ಲಿಯಲ್ಲಿ ಸ್ಕೂಟರುಗಳನ್ನು ದಾಟಿ ಅವರ ಹಳೆಯ ವಾಡೆಯ ಮನೆ ಹೊಕ್ಕರೆ, ಆಜಿ ಮಂತ್ರದ ಮಹಿಮೆ ಕೊಂಡಾಡುತ್ತ ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದರು. ಶಕುಂತಲಾ ನನ್ನ ಕಿವಿಯಲ್ಲಿ, "ಯಾವ ಮಂತ್ರಾರೀ ಅದು? ಮನ್ಯಾಗ ಒಂದು ದಿನಾನೂ ದೇವರ ಮುಂದ ಕೂತವರಲ್ಲ" ಎಂದಳು. ಮೆಲ್ಲಗೆ ನಿಜ ಉಸುರಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡು, ನೀರು ಕುಡಿಯುವ ನೆಪದಲ್ಲಿ ಅಂಗಳಕ್ಕೆ ಓಡಿದಳು. ಬಹಳ ದಿನದ ಮೇಲೆ ನಕ್ಕಿದ್ದಳು. ವಾಪಸು ಬಂದವಳು ಮಾತಿಗೆ ಮಾತು ಬಂದಾಗ ಗೃಹಪ್ರವೇಶದ ಕಥೆಯನ್ನು ಹರಕು ಮರಾಠಿಯಲ್ಲಿ ಆಜಿಗೆ ಹೇಳಿಯೇಬಿಟ್ಟಳು.

"ಮೈಲಾ? ವಸಂತಾ, ನಿನ್ನ ಹತ್ತಿರ ಅದು ಬೇಕಾದಷ್ಟು ಬಿದ್ದಿದೆಯಲ್ಲ?" ಎಂದರು ಆಜಿ. ಸದಾ ಕೊನೆಗಳಿಗೆಯಲ್ಲಿ ಪೂರ್ತಿ ದರ ತೆತ್ತು ಹಾರುವ ವಸಂತರಾಯರ ಖಾತೆ ದಸರೆಯ ಬಟ್ಟೆ ಅಂಗಡಿಯಂತೆ ತುಂಬಿ ತುಳುಕುತ್ತಿತ್ತು. "ಶಕುಂತಲಾ ವಹಿನಿಯವರ ಪೂರ್ತಿ ಹೆಸರು ಹೇಳಿ, ಒಂದು ಟಿಕೆಟ್ ತೆಗೆಸ್ತೀನಿ" ಎಂದರು ಅವರು. ನಾನು ಕೈಯಲ್ಲಿದ್ದ ತುತ್ತು ಕೆಳಗಿಟ್ಟೆ. "ಛೆ ಛೆ, ಅದು ಹೇಗೆ, ಆ ಮಂತ್ರ ನಿಜಕ್ಕೂ..." ಎನ್ನುವಷ್ಟರಲ್ಲಿ ಪಕ್ಕದಿಂದ ಶಕುಂತಲಾ ನನ್ನ ತೊಡೆ ಚಿವುಟಿದಳು. "ಗುರುವಿನ ಪ್ರಸಾದ ಅಂದ್ಕೊಂಡು ತಗೋಬೇಕು" ಎಂದು ಗಂಭೀರವಾಗಿ ಹೇಳಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು.

ಅವಳು ಹೊರಟ ದಿನ ನಾನು ಸೋನೆಗಾಂವಿನ ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತಿದ್ದೆ. ಆಕಾಶದಲ್ಲಿ ಔಷಧಕ್ಕೂ ಮೋಡವಿರಲಿಲ್ಲ. ನನಗೆ ಮಾತ್ರ ಆ ರೆಕ್ಕೆ ಮತ್ತೆ ಮತ್ತೆ ವಾಲುತ್ತಿತ್ತು. ವಿಮಾನ ಓಡತೊಡಗಿದಾಗ ವೀರನಾರಾಯಣನನ್ನು ಮನಃಪೂರ್ವಕ ಕರೆದೆ. ಅವನಿಗೂ ಗೊತ್ತಿತ್ತೇನೋ, ಬರಲಿಲ್ಲ. ತುಟಿಗೆ ಬಂದದ್ದು ಅದೇ: ಎರಡು ಸೊನ್ನೆ ಏಳು, ನಾಲ್ಕು ನಾಲ್ಕು ಒಂದು... ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವನು ನನ್ನಿಂದ ಸ್ವಲ್ಪ ದೂರ ಸರಿದ. ವಿಮಾನ ಚುಕ್ಕೆಯಾಗುವವರೆಗೂ ನಾನು ನಿಲ್ಲಿಸಲಿಲ್ಲ.

ಸಂಜೆ ಅವಳ ಫೋನ್ ಬಂತು. "ಅಯ್ಯ, ಏನೂ ಅಲುಗಾಡ್ಲಿಲ್ಲರೀ! ನಮ್ಮೂರ ಬಸ್ಸಿಗಿಂತ ಚಲೋ. ನಿದ್ದಿ ಹತ್ತಿತ್ತು" ಎಂದಳು. ಹಿಂದೆ ಅವಳ ತಂಗಿಯ ಮನೆಯ ಗಲಾಟೆ, ನಗು. "ಮತ್ತ ಕೇಳ್ರಿ, ನನಗೂ ಒಂದು ಕಾರ್ಡ್ ಮಾಡಿಕೊಟ್ಟಾರ!" ಪುಕ್ಕಟೆ ಟಿಕೆಟ್ಟಿಗೆ ಮೈಲು ಜಮಾ ಆಗುವುದಿಲ್ಲವೆಂಬುದು ಈಗ ನನಗೆ ಚೆನ್ನಾಗಿ ಗೊತ್ತು.

"ಅದರ ನಂಬರು ಹೇಳು" ಎಂದೆ.

"ಯಾಕ್ರೀ?"

"ನೀನು ವಾಪಸು ಬರುವ ದಿನ ಬೇಕಾಗುತ್ತದೆ."

ಅವಳು ನಗುನಗುತ್ತಲೇ ಒಂದೊಂದೇ ಅಂಕಿ ಹೇಳಿದಳು. ಕೈಯಲ್ಲಿ ಪೆನ್ನಿತ್ತು, ಮುಚ್ಚಳ ಹಾಕಿಟ್ಟೆ. ಬರೆದುಕೊಳ್ಳಬಾರದು ಎಂದು ಆಜಿ ಹೇಳಿದ್ದಾರೆ.