ಅಂಗುಳದ ಕೀಲಿ

"ನನ್ನ ಕೈಲಿ ತಿರುಗದ ಕೀಲಿ ಇನ್ನೂ ಹುಟ್ಟಿಲ್ಲ ಡಾಕ್ಟ್ರೇ" ಎಂದು ಬೀಗದಣ್ಣ ಹಲ್ಲಿನ ಡಾಕ್ಟರಮ್ಮನ ಎದುರಿಗೇ ಎದೆ ತಟ್ಟಿಕೊಂಡ. ಬೀಗ ರಿಪೇರಿ ಅಂಗಡಿಯಲ್ಲೇ ತಲೆ ನರೆತವನು, ಬೀದಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ. ಡಾಕ್ಟರಮ್ಮ ಅವನ ಮಗಳ ಅಂಗುಳಕ್ಕೆ ಒಂದು ಕ್ಲಿಪ್ಪು ಅಂಟಿಸಿದ್ದರು. ಅದರ ನಡುವೆ ಒಂದು ಪುಟ್ಟ ಸ್ಕ್ರೂ. ದಿನಾ ಬೆಳಿಗ್ಗೆ ಕಡ್ಡಿಯಂಥ ಕೀಲಿಯನ್ನು ಅದರ ತೂತಿಗೆ ಹಾಕಿ ಗಂಟಲ ಕಡೆಗೆ ಒಂದು ಸಲ ತಳ್ಳಬೇಕು. ದವಡೆ ಕೂದಲೆಳೆಯಷ್ಟು ಅಗಲವಾಗಿ, ಒಂದರ ಮೇಲೊಂದು ಹತ್ತಿ ಕೂತ ಹಲ್ಲುಗಳಿಗೆ ಜಾಗ ಸಿಗುತ್ತದೆ.

"ಜಾಗ ಆಗದಿದ್ರೆ ಎರಡು ಒಳ್ಳೆ ಹಲ್ಲು ಕೀಳಬೇಕಾಗುತ್ತೆ" ಎಂದರು ಡಾಕ್ಟರಮ್ಮ.

ಮಗಳ ಕಣ್ಣಲ್ಲಿ ನೀರು ತುಂಬಿತು.

"ಅಪ್ಪ ಇರೋವಾಗ ನಿನ್ನ ಹಲ್ಲು ಮುಟ್ಟೋಕೆ ಯಾರಿಗೆ ಧೈರ್ಯ?" ಎಂದು ಬೀಗದಣ್ಣ ಅಭಯ ಕೊಟ್ಟ.

ಮಾರನೆಯ ಬೆಳಿಗ್ಗೆಯೇ ಕಾರ್ಯಾರಂಭ. ಮಗಳನ್ನು ಕಿಟಕಿಗೆ ಮುಖ ಮಾಡಿಸಿ ಕುರ್ಚಿಯಲ್ಲಿ ಕೂರಿಸಿದ, ಅಂಗಿಯ ತೋಳು ಮಡಿಸಿದ, ಕೀಲಿ ತಿರುಗಿಸಿದ, ಅದನ್ನು ಕನ್ನಡಿಯ ಪಕ್ಕದ ಬಟ್ಟಲಲ್ಲಿಟ್ಟ. ದಿನಾ ಇದೇ ಠೀವಿ. ಮಗಳು "ಅಪ್ಪಾ, ಒಂದು ವಿಷಯ..." ಎಂದರೆ, "ಬಾಯಿ ತೆಗಿ, ಮಾತಾಡಬೇಡ" ಎನ್ನುತ್ತಿದ್ದ.

ವಾರಗಳು ಕಳೆದವು. ಹಲ್ಲುಗಳು ಮಾತ್ರ ಬಸ್ಸಿನ ಬಾಗಿಲಲ್ಲಿ ನೂಕಾಡುವ ಜನರ ಹಾಗೆ ಇದ್ದಲ್ಲೇ ಇದ್ದವು.

"ನಿಜವಾಗ್ಲೂ ತಿರುಗಿಸ್ತಿದ್ದೀರಾ?" ಹೆಂಡತಿ ಕೇಳಿದಳು.

"ನನಗೇ ಪಾಠ ಹೇಳ್ತೀಯಾ? ದೋಷ ಇರೋದು ಕೀಲಿಯಲ್ಲಿ, ಕೈಯಲ್ಲಲ್ಲ."

"ಮೊನ್ನೆ ನಮ್ಮನೆ ಬೀಗ ತೆಗೆಯೋಕಾಗದೆ ಕಿಟಕಿ ಹತ್ತಿದ್ದು ಯಾರು?"

"ಅದು ಬೇರೆ ಕೇಸು" ಎಂದು ಬೀಗದಣ್ಣ ಚಪ್ಪಲಿ ಮೆಟ್ಟಿಕೊಂಡ.

ಅಂಗಡಿಗೆ ಹೋದವನೇ ಉಕ್ಕಿನ ತಂತಿ ಅರೆದು ಹೊಸ ಕೀಲಿ ಮಾಡಿದ. ಬೆಣ್ಣೆಯಲ್ಲಿ ಆಡಿದಂತೆ ಆಡಿತು. ಆದರೂ ಮರುದಿನ ನೋಡಿದರೆ ಸ್ಕ್ರೂವಿನ ತೂತು ನಿನ್ನೆ ಇದ್ದಲ್ಲೇ ಹಾಜರ್! ಬೀಗದಣ್ಣನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಒಬ್ಬರ ಬೀರುವಿನ ಕೀಲಿಯನ್ನು ಇನ್ನೊಬ್ಬರ ಸ್ಕೂಟರಿಗೆ ಕೊಟ್ಟು ಕಳಿಸಿದ. ಇಷ್ಟು ವರ್ಷ ತಾನು ತೆಗೆದ ಬೀಗಗಳೆಲ್ಲ ನಿಜಕ್ಕೂ ತೆರೆದಿದ್ದವೋ, ಜನ ದಾಕ್ಷಿಣ್ಯಕ್ಕೆ ಸುಮ್ಮನಿದ್ದರೋ ಎಂದು ಅನುಮಾನ ಬಂತು.

ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಮನೆಮಂದಿಯೆಲ್ಲ ಹೊರಟರು, ಅವರ ಮನೆಯಲ್ಲೇ ಇದ್ದ ಬೀಗದಣ್ಣನ ಅತ್ತೆಯೂ. ಡಾಕ್ಟರಮ್ಮ ಅಳೆದರು, ಮತ್ತೆ ಅಳೆದರು.

"ನಾನು ಕೂರಿಸಿದಲ್ಲೇ ಇದೆ. ಒಂದಿನಾನೂ ತಿರುಗಿಸಿಲ್ವಾ?"

"ದಿನಾ ತಿರುಗಿಸಿದ್ದೀನಿ. ಅಂಗಡಿ ಮೇಲೆ ಆಣೆ."

"ಹಾಗಾದ್ರೆ ಹಲ್ಲು ಕೀಳೋಕೆ ದಿನ ನೋಡಬೇಕಷ್ಟೆ."

ಮಗಳು ಅಪ್ಪನ ಬೆರಳು ಹಿಡಿದುಕೊಂಡಳು. ಬೀಗದಣ್ಣನಿಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

"ಅಳಿಯಂದಿರನ್ನ ಬೈಬೇಡಮ್ಮ" ಎಂದರು ಅತ್ತೆ ಮೂಲೆಯ ಕುರ್ಚಿಯಿಂದ. "ಅವರು ಬೆಳಿಗ್ಗೆ ತಪ್ಪದೆ ಬಿಗೀತಾರೆ. ನಾನೂ ಸಂಜೆ ತಪ್ಪದೆ ಹಿಂದಕ್ಕೆ ತಿರುಗಿಸಿ ಸಡಿಲ ಮಾಡ್ತೀನಿ. ಬಿಗಿದದ್ದನ್ನ ಬಿಚ್ಚದೆ ಮಗು ಊಟ ಹೇಗೆ ಮಾಡಬೇಕು ಹೇಳು? ಹೊಸ ಕೀಲಿ ಬಂದಮೇಲಂತೂ ತುಂಬಾ ಸಲೀಸು."

ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ನೀನಾದ್ರೂ ಹೇಳಬಾರದಿತ್ತಾ?" ಬೀಗದಣ್ಣ ಮಗಳನ್ನು ಕೇಳಿದ.

"ಹೇಳೋಕೆ ಬಂದಾಗೆಲ್ಲ ಮಾತಾಡಬೇಡ ಅಂದ್ರಿ. ಅಜ್ಜಿನೂ ಹಾಗೇ ಅಂದ್ರು. ಇಬ್ಬರೂ ಸೇರಿ ಡಾಕ್ಟ್ರು ಹೇಳಿದ್ದನ್ನೇ ಮಾಡ್ತಿದ್ದೀರಿ ಅಂದ್ಕೊಂಡೆ."

ಡಾಕ್ಟರಮ್ಮ ನಗು ನುಂಗಿಕೊಂಡರು. "ಸದ್ಯ, ಹಲ್ಲು ಕೀಳೋದು ಬೇಡ. ಮೊದಲಿಂದ ಶುರು ಮಾಡೋಣ." ಬೀಗದಣ್ಣನಿಗೆ ಹೋದ ಜೀವ ಬಂತು.

"ಯಾರು ತಿರುಗಿಸಿದ್ರೆ ನೋವಾಗಲ್ಲ ಪುಟ್ಟಿ?" ಎಂದು ಡಾಕ್ಟರಮ್ಮ ಮಗಳನ್ನು ಕೇಳಿದರು.

"ಅಜ್ಜಿ" ಎಂದಳು ಮಗಳು, ಕ್ಷಣವೂ ಯೋಚಿಸದೆ. "ಅಪ್ಪ ಯಾವುದೋ ಗೋದಾಮಿನ ಬಾಗಿಲು ತೆಗೆದ ಹಾಗೆ ತಿರುಗಿಸ್ತಾರೆ."

ಕೀಲಿಗೆಂದು ಬೀಗದಣ್ಣ ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಡಾಕ್ಟರಮ್ಮ ಕೀಲಿಯನ್ನು ಅತ್ತೆಯ ಅಂಗೈಯಲ್ಲಿಟ್ಟು, ಯಾವ ಕಡೆಗೆ ತಳ್ಳಬೇಕೆಂದು ತೋರಿಸಿಕೊಟ್ಟರು.

ಅತ್ತೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅಳಿಯನ ಮುಖ ನೋಡಿ ಸಮಾಧಾನ ಹೇಳಿದರು: "ಬೇಜಾರು ಮಾಡ್ಕೋಬೇಡಿ. ನಾನು ತಿರುಗಿಸೋವಾಗ ಮಗು ಬಾಯಿಗೆ ಟಾರ್ಚ್ ಹಿಡಿಯೋಕೂ ಒಬ್ಬರು ಬೇಕಲ್ಲ."