ರಮಾಮಣಿಯ ಮೀನ-ಮೇಷ

"ಅಡುಗೆ ಅಂತ ಒಂದು ಇದ್ದ ಮೇಲೆ ಅದು ನನ್ನ ಕೈಗೆ ಬಗ್ಗಲೇಬೇಕು!"

೧೯೭೪ರ ಫೆಬ್ರವರಿಯ ಒಂದು ಬುಧವಾರ ಬೆಳಗ್ಗೆ ರಮಾಮಣಿ ಹೀಗೆ ಘೋಷಿಸಿದಾಗ ಅವಳ ಗಂಡ ಶಂಕರನಾರಾಯಣ ಟೈ ಕಟ್ಟಿಕೊಳ್ಳುತ್ತಿದ್ದ. ಘೋಷಣೆಯ ಎರಡನೇ ಭಾಗ ಕೇಳಿದ ಮೇಲೆ ಗಂಟು ಕುತ್ತಿಗೆಗೇ ಬಿಗಿಯಿತು.

"ಇವತ್ತು ಸಾಯಂಕಾಲ ಕೆಳಗಡೆ ಮಿಸ್ಟರ್ ಕೊವಾಲ್ಸ್ಕಿಗೆ ನಾನೇ ಟ್ಯೂನಾ ನೂಡಲ್ ಕ್ಯಾಸರೋಲ್ ಮಾಡಿಕೊಡ್ತೀನಿ."

"ಟ್ಯೂನಾ ಅಂದ್ರೆ ಏನು ಅಂತ ಗೊತ್ತೇನೇ ನಿಂಗೆ?"

"ಗೊತ್ತು ರೀ. ಮೀನು."

"ಮೀನು! ದಶಾವತಾರದಲ್ಲಿ ಮೊದಲನೇ ಅವತಾರಾನೇ ಒಲೆಗೆ ಹಾಕ್ತೀನಿ ಅಂತೀಯಲ್ಲೇ!"

"ನಾವೇನು ತಿನ್ನಲ್ವಲ್ಲ. ಮಾಡಿಕೊಡೋದು ಅಷ್ಟೇ."

"ತಿನ್ನದೆ ಉಪ್ಪು-ಖಾರ ಹೇಗೆ ಗೊತ್ತಾಗುತ್ತೆ?"

"ನೈವೇದ್ಯದ ಅಡುಗೇನ ಯಾರಾದ್ರೂ ರುಚಿ ನೋಡಿ ಮಾಡ್ತಾರಾ? ದೇವರಿಗೇ ಸರಿಹೋಗಿದೆ, ಕೊವಾಲ್ಸ್ಕಿಗೆ ಹೋಗಲ್ವಾ?"

ಈ ವಾದಕ್ಕೆ ಶಂಕರನಾರಾಯಣನ ಎಂಜಿನಿಯರಿಂಗ್ ಪದವಿ ಶರಣಾಯಿತು. ಟೈ ಸಡಿಲಿಸಿಕೊಂಡು ಆಫೀಸಿಗೆ ಹೊರಟ.

ರಮಾಮಣಿಯದು ಬರೀ ಜಂಬವಲ್ಲ. ಆಗ ನ್ಯೂಜೆರ್ಸಿಯ ಕನ್ನಡಿಗರೆಲ್ಲ ಒಂದು ಬೇಸ್‌ಮೆಂಟಿನಲ್ಲಿ ಹಿಡಿಸುತ್ತಿದ್ದರು. ಆ ಬೇಸ್‌ಮೆಂಟಿನಲ್ಲಿ ಅವಳ ಬಿಸಿಬೇಳೆಬಾತಿನ ಪಾತ್ರೆ ತೆರೆದರೆ ಸಂಕ್ರಾಂತಿಯ ಭಾಷಣ ಅರ್ಧಕ್ಕೇ ನಿಲ್ಲುತ್ತಿತ್ತು. ಭಾಷಣ ಮಾಡುತ್ತಿದ್ದವರೇ ತಟ್ಟೆ ಹಿಡಿದು ಮೊದಲು ನಿಲ್ಲುತ್ತಿದ್ದರು!

ಇನ್ನು ಕೊವಾಲ್ಸ್ಕಿಯ ವಿಷಯ. ಐಸೆಲಿನ್ ಊರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವನದೊಂದು ಮನೆ. ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಇವರಿಬ್ಬರು, ಕೆಳಗೆ ಅವನೊಬ್ಬನೇ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಹೆಂಡತಿ ಸ್ಟೆಲ್ಲಾ ತೀರಿಕೊಂಡು ಎರಡು ಚಳಿಗಾಲ ಕಳೆದಿತ್ತು. ಆ ವರ್ಷ ಗ್ಯಾಸ್‌ಗೆ, ಅಂದರೆ ನಮ್ಮ ಪೆಟ್ರೋಲಿಗೆ, ಬರ ಬಂದಿತ್ತಲ್ಲ, ಬಂಕಿನ ಮುಂದೆ ಕಾರುಗಳ ಸಾಲು ಊರಾಚೆಯವರೆಗೂ ಬೆಳೆಯುತ್ತಿತ್ತು. ಶಂಕರನಾರಾಯಣನ ಆಫೀಸಿಗೆ ರೈಲಿಲ್ಲ, ಕಾರೇ ಬೇಕು. ಕ್ಯೂನಲ್ಲಿ ನಿಂತರೆ ಕೆಲಸ ಹೋಗುತ್ತದೆ, ನಿಲ್ಲದಿದ್ದರೆ ಕೆಲಸಕ್ಕೆ ಹೋಗುವುದೇ ಇಲ್ಲ! ಆಗ ಕೊವಾಲ್ಸ್ಕಿ ತಾನಾಗಿಯೇ ಮೇಲೆ ಬಂದು ಕೈ ಚಾಚಿ ಹೇಳಿದ್ದ. "ಕಾರಿನ ಕೀ ಕೊಡು, ಶಂಕರ್. ನನಗೇನು ಕೆಲಸ? ಒಂದು ಫ್ಲಾಸ್ಕ್ ಕಾಫಿ, ಒಂದು ಪೇಪರ್. ಮನೇಲಿ ಕೂರೋದನ್ನ ಕ್ಯೂನಲ್ಲಿ ಕೂರ್ತೀನಿ."

ಅಂದಿನಿಂದ ಗ್ಯಾಸ್ ತುಂಬಿಸುವ ದಿನವೆಲ್ಲ ಮುದುಕ ಇವರ ಡಾಡ್ಜ್ ಕಾರಿನಲ್ಲಿ ಕೂತು ನಡುಗುತ್ತಿದ್ದ. ಪ್ರತಿಯಾಗಿ ಏನು ಕೊಟ್ಟರೂ ಬೇಡವೆಂದ. ಬಿಸಿಬೇಳೆಬಾತು ಕೊಟ್ಟರೆ ಒಂದು ಚಮಚ ತಿಂದು, ಒಂದು ಜಗ್ ನೀರು ಕುಡಿದು, "ವೆರಿ ಇಂಟರೆಸ್ಟಿಂಗ್" ಎಂದ. ಕೊನೆಗೆ ರಮಾಮಣಿ ಬಲವಂತ ಮಾಡಿ ಕೇಳಿದಳು. "ನಿಮಗೆ ಏನು ತಿನ್ನೋಕೆ ಆಸೆ? ಹೇಳಿ."

ಅವನು ಕಿಟಕಿಯ ಕಡೆ ನೋಡುತ್ತ ಅಂದ. "ಸ್ಟೆಲ್ಲಾ ಪ್ರತಿ ಬುಧವಾರ ಕೆಲಸದಿಂದ ಬಂದು ಟ್ಯೂನಾ ನೂಡಲ್ ಕ್ಯಾಸರೋಲ್ ಮಾಡ್ತಿದ್ದಳು. ಅದು ಬಹಳ ನೆನಪಾಗುತ್ತೆ."

ಬುಧವಾರ ಮಾಡಿಕೊಡುತ್ತೇನೆಂದು ಅವಳು ಅಲ್ಲೇ ಮಾತು ಕೊಟ್ಟಳು. ಇಷ್ಟು ಸಾಕಾಗಿತ್ತು ಘೋಷಣೆಗೆ.

ಗಂಡ ಹೊರಟೊಡನೆ ರಮಾಮಣಿ ಸಲ್ಮಾಗೆ ಫೋನ್ ಮಾಡಿದಳು. ಮಂಗಳೂರು ಕಡೆಯ ಸಲ್ಮಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೀನಿನ ವಿಷಯದಲ್ಲಿ ರಮಾಮಣಿಗೆ ಗೊತ್ತಿದ್ದ ಏಕೈಕ ವಿಶ್ವವಿದ್ಯಾಲಯ ಅವಳೇ.

"ಎಂತ? ಡಬ್ಬಿ ಮೀನಾ?" ಸಲ್ಮಾಳ ದನಿ ಏರಿತು. "ಅದು ಮೀನಲ್ಲ ಮಾರಾಯ್ತಿ, ಮೀನಿನ ಹೆಣ!"

"ಎಲ್ಲ ಮೀನೂ ಹೆಣಾನೇ ಅಲ್ವೇನೇ?"

"ನಿಂಗೆ ಗೊತ್ತಾಗುದಿಲ್ಲ ಬಿಡು. ಡಬ್ಬಿ ಬಗ್ಗಿಸಿ ಒಳಗಿನ ನೀರು ಚೆಲ್ಲು. ಮತ್ತೆ ದೇವರ ಹೆಸರು ಹೇಳಿ ಹಾಕಿಬಿಡು."

"ಯಾವ ದೇವರದು?"

"ಈ ಡಬ್ಬಿಗೆ ನಿಂದೂ ಸಾಕಾಗುದಿಲ್ಲ, ನಂದೂ ಸಾಕಾಗುದಿಲ್ಲ. ಇಬ್ಬರದ್ದೂ ಹೇಳು!"

ಸೂಪರ್ ಮಾರ್ಕೆಟ್ಟಿನಲ್ಲಿ ರಮಾಮಣಿ ಇಷ್ಟು ವರ್ಷ ಮುಖ ತಿರುಗಿಸಿ ದಾಟುತ್ತಿದ್ದ ಸಾಲಿಗೆ ಮೊದಲ ಸಲ ಕಾಲಿಟ್ಟಳು. ನೋಡಿದರೆ ಏನು ವೈಭವ! ಎಣ್ಣೆಯ ಮೀನು, ನೀರಿನ ಮೀನು, ಬಿಳಿ ಮೀನು, ತಿಳಿ ಮೀನು, ಗಟ್ಟಿ ಮೀನು, ಪುಡಿ ಮೀನು. ಅಕ್ಕಿಯಲ್ಲಿ ಸಣ್ಣಕ್ಕಿ, ದಪ್ಪಕ್ಕಿ ಇದ್ದ ಹಾಗೆ ಇದರಲ್ಲೂ ಜಾತಿಗಳುಂಟೋ! ಅಸಹ್ಯವಾಗಬೇಕಿತ್ತು. ಆದರೆ ಕುತೂಹಲ ಅಸಹ್ಯವನ್ನು ಪಕ್ಕಕ್ಕೆ ನೂಕಿ ಮುಂದೆ ಬಂದು ನಿಂತಿತು. ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ತೆಂಗಿನಕಾಯಿಯ ಹಾಗೆ ನೀರಿನ ಸದ್ದು ಪರೀಕ್ಷಿಸಿದಳು. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ ತಳ್ಳುಗಾಡಿ ತಿರುಗಿಸಿದಳು. ರಮಾಮಣಿ ಮೀನ-ಮೇಷ ಎಣಿಸುತ್ತಾ ಬಹಳ ಹೊತ್ತು ನಿಂತಳು. ಅಲ್ಲಿ ಮೇಷ ಇರಲಿಲ್ಲ, ಬರೀ ಮೀನವೇ!

ಮಶ್ರೂಮ್ ಸೂಪಿನ ಡಬ್ಬಿಯ ಬೆನ್ನ ಮೇಲೆ ಕ್ಯಾಸರೋಲ್ ಮಾಡುವ ಕ್ರಮ ಅಚ್ಚಾಗಿತ್ತು. ಓದಿ ಅವಳಿಗೆ ನಗು ಬಂತು. ನೂಡಲ್ ಬೇಯಿಸು, ಸೂಪಿನ ಡಬ್ಬಿ ತೆರೆ, ಮೀನಿನ ಡಬ್ಬಿ ತೆರೆ, ಹಾಲು, ಬಟಾಣಿ ಸೇರಿಸು, ಮೇಲೆ ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಉದುರಿಸಿ ಅವನ್‌ನಲ್ಲಿಡು. ಮುಗಿಯಿತು! "ಇದು ಅಡುಗೆಯಲ್ಲ, ಬೀಗ ತೆಗೆಯೋ ಕೆಲಸ" ಎಂದುಕೊಂಡಳು.

ಸಾಯಂಕಾಲ ಶಂಕರನಾರಾಯಣ ಸಹೋದ್ಯೋಗಿಯ ಕಾರಿನಲ್ಲಿ ಮನೆಗೆ ಬಂದ. ಬೆಳಗ್ಗೆ ಕೂಗಾಡಿದ್ದಕ್ಕೆ ಪಶ್ಚಾತ್ತಾಪವಾಗಿತ್ತು. ಹೆಂಡತಿಗೆ ಸಹಾಯ ಮಾಡೋಣವೆಂದು ಡಬ್ಬಿಯ ಮೇಲಿನ ಕ್ರಮ ಓದಿ, ಅವಳಿಗೆ ಹೇಳದೆ ಅವನ್ ಅನ್ನು ನಾನೂರು ಡಿಗ್ರಿಗೆ ತಿರುಗಿಸಿ, ಪೇಪರ್ ಹಿಡಿದು ಕೂತ.

ನಮ್ಮವರ ಮನೆಯಲ್ಲಿ ಅವನ್ ಅಂದರೆ ಅವನ್ ಅಲ್ಲ, ಅಟ್ಟ! ರಮಾಮಣಿ ಅದರೊಳಗೆ ಮೈಸೂರಿನಿಂದ ತಂದ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳನ್ನು ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಮೂಗಿಗೆ ವಾಸನೆ ಬಡಿಯಿತು. ಬಾಗಿಲು ತೆರೆದರೆ ಡಬ್ಬಗಳು ಕರಗಿ ಪಾಯಸವಾಗಿದ್ದವು. ಮೆಣಸಿನಕಾಯಿಯ ಘಾಟು ಎದ್ದು ಇಬ್ಬರೂ ಕೆಮ್ಮುತ್ತಾ, ಸೀನುತ್ತಾ, ಕಣ್ಣು ಮೂಗು ಒರೆಸಿಕೊಳ್ಳುತ್ತಾ ಕಿಟಕಿಗಳನ್ನೆಲ್ಲ ತೆರೆದು, ಒಳಗೆ ನುಗ್ಗಿದ ಹಿಮದ ಗಾಳಿಗೆ ಗಡಗಡ ನಡುಗುತ್ತಾ ನಿಂತರು.

"ಅವನ್ ಹಚ್ಚೋ ಮೊದಲು ಒಳಗೆ ನೋಡಬಾರದಾ ರೀ?"

"ಅವನ್ ಒಳಗೆ ಸಂಡಿಗೆ ಇರುತ್ತೆ ಅಂತ ಯಾವ ಎಂಜಿನಿಯರಿಂಗ್ ಕಾಲೇಜಲ್ಲೂ ಹೇಳಿಕೊಟ್ಟಿಲ್ಲ ಕಣೇ!"

ಈಗ ಉಳಿದದ್ದು ಒಂದೇ ದಾರಿ. ಕೊವಾಲ್ಸ್ಕಿ ಇನ್ನೂ ಗ್ಯಾಸ್ ಕ್ಯೂನಲ್ಲಿದ್ದ. ಅವನ ಮನೆಯ ಬೀಗದ ಕೈ ಇವರ ಹತ್ತಿರ ಯಾವಾಗಲೂ ಒಂದಿರುತ್ತಿತ್ತು. ಸಾಮಾನೆಲ್ಲ ಹೊತ್ತು ಇಬ್ಬರೂ ಕೆಳಗಿಳಿದರು. ನಮ್ಮ ಪಾತ್ರೆ, ನಮ್ಮ ಒಲೆ ಯಾವುದಕ್ಕೂ ಮೀನು ಸೋಕಲಿಲ್ಲವಲ್ಲ ಎಂದು ಶಂಕರನಾರಾಯಣನಿಗೆ ಒಳಗೊಳಗೇ ಸಮಾಧಾನ. ಬೀರುವಿನಲ್ಲಿ ಸ್ಟೆಲ್ಲಾಳ ಗಾಜಿನ ಬಟ್ಟಲು ಕಾಯುತ್ತಿದ್ದಂತೆ ಕೂತಿತ್ತು.

ರಮಾಮಣಿ ಮೂಗಿಗೆ ವಿಕ್ಸ್ ಬಳಿದುಕೊಂಡಳು. ಪಾತ್ರೆ ತೊಳೆಯುವ ಹಳದಿ ಕೈಗವಸು ತೊಟ್ಟಳು. ಶಸ್ತ್ರಚಿಕಿತ್ಸೆಗೆ ನಿಂತ ಡಾಕ್ಟರಮ್ಮನ ಹಾಗೆ ಕೈ ಚಾಚಿ, "ಓಪನರ್!" ಎಂದಳು. ಶಂಕರನಾರಾಯಣ ಮುಖ ಅತ್ತ ತಿರುಗಿಸಿ ಓಪನರ್ ಇತ್ತ. ಡಬ್ಬಿ ತೆರೆಯಿತು. ಇಬ್ಬರೂ ಉಸಿರು ಹಿಡಿದು ಒಳಗೆ ಇಣುಕಿದರು.

"ಇಷ್ಟೇನಾ?" ಎಂದಳು ರಮಾಮಣಿ. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. "ಕಣ್ಣಿಲ್ಲ, ಬಾಲ ಇಲ್ಲ. ಬೇಯಿಸಿ ಬಿಡಿಸಿಟ್ಟ ಎಳೆ ಹಲಸಿನಕಾಯಿ ಇದ್ದ ಹಾಗಿದೆ!"

ಆಮೇಲೆ ಕೈ ತಾನಾಗಿಯೇ ಓಡಿತು. ನೂಡಲ್ ಅನ್ನು ಪುಳಿಯೋಗರೆಯ ಅನ್ನದಂತೆ ಉದುರುದುರಾಗಿ ಬೇಯಿಸಿದಳು. ಸೂಪು ನೋಡುವುದಕ್ಕೇ ಸಪ್ಪೆಯಾಗಿತ್ತು. ಮೇಲಿನಿಂದ ತಂದಿದ್ದ ಮೆಣಸು ಜೀರಿಗೆ ಕುಟ್ಟಿ ಹಾಕಿದಳು, ಶುಂಠಿ ತುರಿದಳು, ಬೆಣ್ಣೆಯಲ್ಲಿ ಸಣ್ಣದೊಂದು ಒಗ್ಗರಣೆ ಕೊಟ್ಟಳು. ಉಪ್ಪನ್ನು ಕಣ್ಣಳತೆಯಲ್ಲೇ ಹಾಕಿದಳು. ಅವನ್‌ನಿಂದ ಹೊರಗೆ ಬಂದಾಗ ಮೇಲಿನ ಚಿಪ್ಸ್ ಹೊನ್ನಿನ ಬಣ್ಣಕ್ಕೆ ತಿರುಗಿತ್ತು.

ಕೊವಾಲ್ಸ್ಕಿ ಬಂದ. ಕೋಟು ಬಿಚ್ಚುವುದಕ್ಕೂ ಮರೆತು ಕೂತು ತಿಂದ. ಮತ್ತೆ ಬಡಿಸಿಕೊಂಡ. ಮತ್ತೂ ಬಡಿಸಿಕೊಂಡ. ಗಂಡ ಹೆಂಡತಿ ಎದುರು ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಅವನ ಬಾಯನ್ನೇ ನೋಡಿದರು.

"ಅದ್ಭುತ, ಮಿಸಸ್ ರಾಮಾ. ಈ ಮನೇಲಿ ಇಷ್ಟು ರುಚಿಯಾದ ಊಟ ನಾನು ಮಾಡೇ ಇಲ್ಲ."

ರಮಾಮಣಿ ಗಂಡನ ಕಡೆ ವಿಜಯದ ದೃಷ್ಟಿ ಬೀರಿ ಕೇಳಿದಳು. "ಹಾಗಾದ್ರೆ ಸ್ಟೆಲ್ಲಾ ಮಾಡ್ತಿದ್ದ ಹಾಗೇ ಇದೆಯಾ?"

"ಇಲ್ಲ," ಎಂದ ಕೊವಾಲ್ಸ್ಕಿ. ಮುಖ ಸಪ್ಪಗಾಯಿತು. "ಸ್ಟೆಲ್ಲಾದು ಬಾಯಿಗೆ ಇಡೋ ಹಾಗಿರ್ತಿರಲಿಲ್ಲ."

"ಆಂ?"

"ಟೆಲಿಫೋನ್ ಕಂಪನಿಯಲ್ಲಿ ದಿನವಿಡೀ ದುಡಿದು ಬರ್ತಿದ್ದಳು. ಬಂದವಳೇ ಎಲ್ಲಾ ಸುರಿದು ಒಳಗೆ ತಳ್ಳೋಳು. ಮೇಲೆ ಇದ್ದಿಲು, ನಡುವೆ ಐಸು. ಉಪ್ಪು ಒಂದೋ ಇರಲ್ಲ, ಇಲ್ಲಾ ಎರಡು ಸಲ ಬಿದ್ದಿರುತ್ತೆ. ನಾನು ಪ್ರತಿ ಬುಧವಾರ ಕೇಳ್ತಿದ್ದೆ, 'ಸ್ಟೆಲ್ಲಾ, ಈ ಮೀನು ನಿನಗೇನು ಅನ್ಯಾಯ ಮಾಡಿತ್ತು?' ಅವಳು ಹೇಳೋಳು, 'ತಿನ್ನು ಸ್ಟ್ಯಾನ್, ಅದು ಹೇಗೂ ಸತ್ತಿದೆ.' ಇಬ್ಬರೂ ಬಿದ್ದು ಬಿದ್ದು ನಗ್ತಿದ್ವಿ. ಇವತ್ತು ಆ ಮಾತು ಹೇಳೋಣ ಅಂತ ಕ್ಯೂನಲ್ಲಿ ಕೂತಾಗಿಂದ ಕಾದಿದ್ದೆ. ಹೇಳೋಕೆ ನೀವು ಜಾಗಾನೇ ಬಿಡಲಿಲ್ಲ."

ಖಾಲಿ ತಟ್ಟೆಯನ್ನು ಚಮಚದಿಂದ ಮತ್ತೊಮ್ಮೆ ಕೆರೆದ. ಆಮೇಲೆ ಮುದುಕ ಬಹಳ ಸಂಕೋಚದಿಂದ ಕೇಳಿದ.

"ಮುಂದಿನ ಬುಧವಾರ, ನಿಮಗೆ ತೊಂದರೆ ಇಲ್ಲದಿದ್ರೆ, ಸ್ವಲ್ಪ ಕೆಡಿಸಿ ಮಾಡ್ತೀರಾ?"

ಸ್ವಲ್ಪ ಕೆಡಿಸಿ! ಹುಟ್ಟಿದಾಗಿನಿಂದ ರಮಾಮಣಿಯ ಅಡುಗೆಗೆ ಇಂಥ ಸವಾಲು ಬಂದಿರಲಿಲ್ಲ. ವಾರವಿಡೀ ಅದೇ ಚಿಂತೆ. ಬುಧವಾರ ಹಲ್ಲು ಕಚ್ಚಿ ನೂಡಲ್ ಅನ್ನು ಅತಿಯಾಗಿ ಬೇಯಿಸಿದಳು. ಅದು ಬೆಣ್ಣೆಯಂತೆ ಕರಗಿ ಇನ್ನಷ್ಟು ಸೊಗಸಾಯಿತು. ಉಪ್ಪು ಬಿಟ್ಟಳು. ಚಿಪ್ಸಿನ ಉಪ್ಪು ಇಳಿದು ಎಲ್ಲ ಸಮವಾಯಿತು. ಸುಡಲೆಂದು ಒಲೆಯಲ್ಲಿ ಬಿಟ್ಟು ಬೇಕೆಂದೇ ಸೋಫಾದಲ್ಲಿ ಕೂತಳು. ಕೂತಳು ನಿಜ, ಆದರೆ ಹದವಾದ ವಾಸನೆ ಮೂಗಿಗೆ ಬಡಿದ ಕ್ಷಣ ಕಾಲು ತಾನಾಗಿ ಓಡಿ, ಕೈ ತಾನಾಗಿ ಬಟ್ಟಲು ಹೊರಗೆಳೆಯಿತು! ಕೊವಾಲ್ಸ್ಕಿ ಒಂದು ತುತ್ತು ತಿಂದು, "ತುಂಬಾ ಚೆನ್ನಾಗಿದೆ" ಎಂದು ನಿಟ್ಟುಸಿರು ಬಿಟ್ಟ.

"ಒಂದು ಅಡುಗೆ ಕೆಡಿಸೋಕೆ ಬರಲ್ವೇನೇ ನಿಂಗೆ?" ಎಂದ ಶಂಕರನಾರಾಯಣ.

"ಅಷ್ಟು ಸುಲಭ ಆದ್ರೆ ನೀವೇ ಮಾಡಿ!"

ಮಾಡಿದ. ಕಾಫಿಗೆ ನೀರು ಕಾಯಿಸಿಯೂ ಗೊತ್ತಿರದ ಮಹಾನುಭಾವ ಮುಂದಿನ ಬುಧವಾರ ಕೆಳಮನೆಯಲ್ಲಿ ತೋಳು ಮಡಿಸಿ ನಿಂತ. ಕೆಡಿಸುವ ಉದ್ದೇಶ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಹೆಂಡತಿಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂದೇ ಹೊರಟಿದ್ದ! ನೂಡಲ್ ಬೇಯಿಸುವ ಸಾಲನ್ನು ಓದುವಾಗ ಕಣ್ಣು ಜಾರಿ ಮುಂದಕ್ಕೆ ಹೋಯಿತು, ಹಸಿಯದನ್ನೇ ಮುರಿದು ಹಾಕಿದ. ಬಟಾಣಿ ಫ್ರೀಜರಿನಿಂದ ಇಟ್ಟಿಗೆಯಂತೆ ಬಂದಿತ್ತು, ಇಟ್ಟಿಗೆಯನ್ನೇ ಇಟ್ಟ. ಮೀನಿನ ನೀರು ಚೆಲ್ಲಲಿಲ್ಲ. ಉಪ್ಪು ಹಾಕಿದ. ಹಾಕಿದೆನೋ ಇಲ್ಲವೋ ಎಂದು ಯೋಚಿಸಿ ಮತ್ತೆ ಹಾಕಿದ. ಬೇಗ ಆಗಲೆಂದು ಉರಿಯನ್ನು ಕೊನೆಯ ಗೆರೆಯವರೆಗೂ ತಿರುಗಿಸಿದ. ರಮಾಮಣಿ ಗೋಡೆಗೊರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಎಲ್ಲೂ ತಿದ್ದಲಿಲ್ಲ. ಹತ್ತಿಕ್ಕಿದ ನಗುವಿಗೆ ಪಕ್ಕೆ ನೋಯುತ್ತಿತ್ತು.

ಕೊವಾಲ್ಸ್ಕಿ ಚಮಚ ಇಳಿಸಿದ. ಕರಕಲು ಮುರಿದ ಸದ್ದು ಕೇಳಿಸಿತು. ಬಾಯಿಗಿಟ್ಟ. ಕಟಕಟ ಎಂದಿತು. ಅಗಿಯುವುದು ನಿಂತಿತು. ಕಣ್ಣು ದೊಡ್ಡದಾಯಿತು. ತಟ್ಟೆ ನೋಡಿದ, ಶಂಕರನಾರಾಯಣನನ್ನು ನೋಡಿದ.

"ಶಂಕರ್," ದನಿ ಒಡೆದಿತ್ತು, "ಈ ಮೀನು ನಿನಗೇನು ಅನ್ಯಾಯ ಮಾಡಿತ್ತು?"

ಶಂಕರನಾರಾಯಣ ಬೆಪ್ಪಾಗಿ ನಿಂತ. ರಮಾಮಣಿಯೇ ಗೋಡೆ ಬಿಟ್ಟು ಮುಂದೆ ಬಂದು ಮೆಲ್ಲಗೆ ಹೇಳಿದಳು.

"ತಿನ್ನಿ ಸ್ಟ್ಯಾನ್. ಅದು ಹೇಗೂ ಸತ್ತಿದೆ."

ಮುದುಕ ಮೇಜು ಗುದ್ದಿ ಗುದ್ದಿ ನಕ್ಕ. ಕಣ್ಣಿನಿಂದ ನೀರು ಇಳಿದರೂ ಒರೆಸಿಕೊಳ್ಳದೆ ನಕ್ಕ. ನಗುತ್ತಲೇ ಇದ್ದಿಲು, ಐಸು, ಉಪ್ಪು ಎಲ್ಲವನ್ನೂ ತಳ ಕೆರೆದು ತಿಂದ. ರಮಾಮಣಿಯೂ ಅವನ ಜೊತೆ ನಕ್ಕಳು. ಶಂಕರನಾರಾಯಣ ಮೊದಲು ಯಾಕೆಂದು ತಿಳಿಯದೆ ನಕ್ಕ, ಆಮೇಲೆ ತಿಳಿದೂ ನಕ್ಕ.

ವಸಂತ ಬಂತು, ಗ್ಯಾಸ್ ಬಂತು, ಕ್ಯೂ ಹೋಯಿತು. ಬುಧವಾರ ಮಾತ್ರ ಉಳಿಯಿತು. ಶಂಕರನಾರಾಯಣ ಪ್ರತಿ ವಾರ ಏಪ್ರನ್ ಕಟ್ಟಿಕೊಂಡು ಗಂಭೀರವಾಗಿ ಕೆಳಗಿಳಿಯುತ್ತಿದ್ದ. ಸುಧಾರಿಸಬೇಕೆಂದು ಅವನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟಷ್ಟೂ ಕ್ಯಾಸರೋಲ್ ಮತ್ತಷ್ಟು ಸ್ಟೆಲ್ಲಾಳದಾಗುತ್ತಿತ್ತು.

ಒಂದು ಬೆಳಗ್ಗೆ ರಮಾಮಣಿ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಏನೋ ಯೋಚನೆಯಲ್ಲಿ ಮುಖ ಸ್ವಲ್ಪ ಬಾಡಿತ್ತು. ಕೊವಾಲ್ಸ್ಕಿ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಹತ್ತಿರ ಬಂದ. ಹೆಗಲು ತಟ್ಟಿ, ತಂದೆಯಂತೆ ಸಮಾಧಾನ ಹೇಳಿದ.

"ಬೇಜಾರು ಮಾಡ್ಕೋಬೇಡಿ, ಮಿಸಸ್ ರಾಮಾ. ಶಂಕರನ ಕೈರುಚಿ ಎಲ್ಲರಿಗೂ ಬರೋದಿಲ್ಲ."